ಚಲಚ್ಚಿತ್ರದ ರೀತಿ ಮತ್ತು ನೀತಿ



ಚಲಚ್ಚಿತ್ರಕ್ಕೂ ನೀತಿಗೂ ಸಂಬಂಧವೇನು ಎಂದು ಕೇಳಿದರೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಸಿದ್ಧವಾಗಿವೆ. ಚಲಚ್ಚಿತ್ರವು ಹುಡುಗರನ್ನು ಕೆಡಿಸುತ್ತದೆ, ಅದಕ್ಕೂ ನೀತಿಗೂ ಎಣ್ಣೆ ಸೀಗೇಕಾಯಿಯ ಸಂಬಂಧ ಎಂಬುದು ಒಂದು. ಕೆಟ್ಟವನಿಗೆ ಶಿಕ್ಷೆ, ಒಳ್ಳೆಯವನಿಗೆ ಮಾಲೆ, ನಡುವೆ ಒಂದಿಷ್ಟು ಉಪದೇಶ ಇದ್ದರೆ ಅದು ನೀತಿಬೋಧಕವಾದ ಚಿತ್ರ ಎಂಬುದು ಇನ್ನೊಂದು. ಈ ಎರಡು ಉತ್ತರಗಳೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಿದರೂ ಅವುಗಳ ಬೇರು ಒಂದೇ. ಎರಡೂ ಕಥೆಯನ್ನು ಮಾತ್ರ ನೋಡುತ್ತವೆ. ಕಥೆಯನ್ನು ತೋರಿಸಿದ ರೀತಿಯನ್ನು ನೋಡುವುದಿಲ್ಲ. ನೀತಿಯು ಕಥೆಯಲ್ಲಿ ಎಷ್ಟು ಇದೆಯೋ ರೀತಿಯಲ್ಲಿಯೂ ಅಷ್ಟೇ ಇದೆ, ಕೆಲವೊಮ್ಮೆ ಹೆಚ್ಚಾಗಿಯೇ ಇದೆ ಎಂಬುದೇ ಇಂದಿನ ನಮ್ಮ ಮಾತಿನ ಸಾರ.

ಇದಕ್ಕೆ ಮನೆಯ ಬಾಗಿಲಲ್ಲಿಯೇ ಒಂದು ದೃಷ್ಟಾಂತವುಂಟು. ಬಾಯಾರಿ ಬಂದವನಿಗೆ ನೀರು ಕೊಡುವುದು ಪುಣ್ಯವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಒಬ್ಬನಿಗೆ ತಂಬಿಗೆಯನ್ನು ಕೈಗೆ ಕೊಟ್ಟು, ಜೊತೆಗೆ ಒಂದು ಚೂರು ಬೆಲ್ಲವನ್ನೂ ಇಟ್ಟು ಉಪಚರಿಸಿದ ಮನೆಯವರೇ ಇನ್ನೊಬ್ಬನನ್ನು ಅಂಗಳದಲ್ಲಿ ಬಗ್ಗಿಸಿ ನಿಲ್ಲಿಸಿ, ಅವನ ಬೊಗಸೆಗೆ ಮೇಲಿನಿಂದ, ತಾಕದಂತೆ, ನೀರು ಹೊಯ್ದ ಕಾಲವೂ ನಮ್ಮದೇ. ಕೊಟ್ಟ ವಸ್ತು ಒಂದೇ ನೀರು. ಇಬ್ಬರ ನೀರಡಿಕೆಯೂ ಹೋಯಿತು. ಆದರೂ ಮೊದಲನೆಯದು ಉಪಚಾರ, ಎರಡನೆಯದು ಅಪಮಾನ. ಅಲ್ಲಿ ಧರ್ಮಾಧರ್ಮವನ್ನು ನಿರ್ಣಯಿಸಿದುದು ನೀರಲ್ಲ, ಕೊಟ್ಟ ಕೈಯ ಎತ್ತರ.

ಛಾಯಾಗ್ರಾಹಕನ ಯಂತ್ರಕ್ಕೂ ಇಂಥ ಒಂದು ಎತ್ತರವುಂಟು. ಅದು ಮನುಷ್ಯನನ್ನು ಎಲ್ಲಿ ನಿಂತು ನೋಡುತ್ತದೆ, ಎಷ್ಟು ಹೊತ್ತು ನೋಡುತ್ತದೆ, ಯಾವಾಗ ಕಣ್ಣನ್ನು ಆಚೆಗೆ ತಿರುಗಿಸುತ್ತದೆ, ಯಾರನ್ನು ನೋಡುವುದೇ ಇಲ್ಲ: ಇವೆಲ್ಲವೂ ತಾಂತ್ರಿಕ ಪ್ರಶ್ನೆಗಳೆಂದು ನಾವು ಭಾವಿಸುತ್ತೇವೆ. ಇವು ನಡತೆಯ ಪ್ರಶ್ನೆಗಳೂ ಹೌದು.

ನಮ್ಮ ಪೂರ್ವದ ಆಲಂಕಾರಿಕರು ಈ ಎರಡರ ಕೂಡುದಾಣವನ್ನು ಬಲ್ಲವರಾಗಿದ್ದರು. ವಾಮನನು ರೀತಿಯನ್ನೇ ಕಾವ್ಯದ ಆತ್ಮವೆಂದು ಎಣಿಸಿದನು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಪ್ರತಿಪಾದಿಸಿದನು. ಈ ಔಚಿತ್ಯವೆಂಬ ಪದವನ್ನು ಸ್ವಲ್ಪ ಗಮನಿಸಬೇಕು. ಕೊರಳಿನ ಹಾರವನ್ನು ಸೊಂಟಕ್ಕೆ ಕಟ್ಟಿದರೆ ಅನುಚಿತವೆನ್ನುತ್ತೇವೆ. ಸತ್ತವರ ಮನೆಯಲ್ಲಿ ನಗುವುದನ್ನೂ ಅನುಚಿತವೆನ್ನುತ್ತೇವೆ. ಮೊದಲನೆಯದು ಸೌಂದರ್ಯದ ತಪ್ಪು, ಎರಡನೆಯದು ನಡತೆಯ ತಪ್ಪು. ಭಾಷೆಯು ಎರಡಕ್ಕೂ ಒಂದೇ ಪದವನ್ನು ಇಟ್ಟುಕೊಂಡಿದೆ. ಆ ಕಾಲದಲ್ಲಿ ಚಲಚ್ಚಿತ್ರವಿರಲಿಲ್ಲ. ಆದರೆ ಚಲಚ್ಚಿತ್ರವನ್ನು ತೂಗುವ ತಕ್ಕಡಿಯೊಂದು ಆಗಲೇ ಸಿದ್ಧವಾಗಿತ್ತು.

ಈ ತಕ್ಕಡಿಯನ್ನು ಹಿಡಿಯುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡಗಳಲ್ಲಿಯೇ ಈ ವಿಷಯದ ಎರಡು ಎಳೆಗಳು ದೊರೆಯುತ್ತವೆ.

ಮೊದಲನೆಯದು ಹುಬ್ಬಳ್ಳಿಯದು. 1901ರಲ್ಲಿ ಜನಿಸಿದ ವ್ಹಿ. ಶಾಂತಾರಾಮರು ತಮ್ಮ ಎಳೆಹರೆಯದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ದುಡಿದವರು. ಇದೇ ಊರಿನ ಒಂದು ಸಿನೆಮಾ ಮಂದಿರದಲ್ಲಿಯೂ ಚಾಕರಿ ಮಾಡಿದವರು. 1920ರಲ್ಲಿ ಕೊಲ್ಹಾಪುರಕ್ಕೆ ಹೋಗಿ ಬಾಬೂರಾವ್ ಪೇಂಟರರ ಕಂಪನಿಯನ್ನು ಸೇರಿದರು. ಅನಂತರದ ಕಥೆಯನ್ನು ಎಲ್ಲರೂ ಬಲ್ಲರು. 1937ರಲ್ಲಿ ಅವರು ಪ್ರಭಾತ ಸಂಸ್ಥೆಗಾಗಿ ಮರಾಠಿಯಲ್ಲಿ ‘ಕುಂಕೂ’ ಎಂದೂ ಹಿಂದಿಯಲ್ಲಿ ‘ದುನಿಯಾ ನ ಮಾನೇ’ ಎಂದೂ ಒಂದು ಬೋಲಪಟವನ್ನು ತೆಗೆದರು. ಮೋಸದಿಂದ ವೃದ್ಧ ವಿಧುರನೊಬ್ಬನಿಗೆ ಕೊಟ್ಟು ಮದುವೆ ಮಾಡಲ್ಪಟ್ಟ ತರುಣಿಯೊಬ್ಬಳು ಆ ಮದುವೆಯನ್ನು ತನ್ನ ಮನಸ್ಸಿನಿಂದ ಒಪ್ಪದೆ ನಿಲ್ಲುವ ಕಥೆ ಅದು. ತರುಣಿಯಾಗಿ ಶಾಂತಾ ಆಪಟೆಯವರೂ ವೃದ್ಧನಾಗಿ ಕೇಶವರಾವ್ ದಾತೆಯವರೂ ಅಭಿನಯಿಸಿದರು.

ವಿಷಮ ವಿವಾಹವನ್ನು ಖಂಡಿಸುವ ನಾಟಕಗಳು, ಭಾಷಣಗಳು, ಕಾದಂಬರಿಗಳು ಅದಕ್ಕೆ ಮೊದಲೇ ಬೇಕಾದಷ್ಟು ಬಂದಿದ್ದವು. ಶಾಂತಾರಾಮರು ಮಾಡಿದುದೇನು? ಅವರು ಹಿನ್ನೆಲೆಯ ಸಂಗೀತವನ್ನು ತೆಗೆದುಹಾಕಿದರು. ಆ ಮನೆಯಲ್ಲಿ ಸಹಜವಾಗಿ ಕೇಳಿಬರುವ ಸದ್ದುಗಳಷ್ಟನ್ನೇ ಉಳಿಸಿದರು. ಅವುಗಳಲ್ಲಿ ಒಂದು ಗೋಡೆಯ ಗಡಿಯಾರದ ಟಿಕ್ ಟಿಕ್ ಸದ್ದು. ವೃದ್ಧನು ಆ ಗಡಿಯಾರದೊಡನೆ ಬಾಳುತ್ತಾನೆ. ಅದು ಅವನ ವಯಸ್ಸನ್ನು ಎಣಿಸುತ್ತದೆ, ಅವನ ಮನಸ್ಸಾಕ್ಷಿಯನ್ನು ತಟ್ಟುತ್ತದೆ.

ಇಲ್ಲಿ ಸಂಗೀತವನ್ನು ತೆಗೆದುದು ಬರಿಯ ಚಮತ್ಕಾರವಲ್ಲ. ಸಂಗೀತವು ಪ್ರೇಕ್ಷಕನಿಗೆ ಯಾವಾಗ ಅಳಬೇಕು, ಯಾರನ್ನು ದ್ವೇಷಿಸಬೇಕು ಎಂದು ಕೈಹಿಡಿದು ಹೇಳಿಕೊಡುತ್ತದೆ. ಅದನ್ನು ತೆಗೆದ ಮೇಲೆ ನಿರ್ಣಯದ ಭಾರವು ನಮ್ಮ ಹೆಗಲ ಮೇಲೆ ಬೀಳುತ್ತದೆ. ವೃದ್ಧನನ್ನು ರಾಕ್ಷಸನನ್ನಾಗಿ ಮಾಡಿ ತಾನು ಸುಖವಾಗಿ ಮನೆಗೆ ಹೋಗುವ ಅವಕಾಶವು ಪ್ರೇಕ್ಷಕನಿಗೆ ಇಲ್ಲವಾಗುತ್ತದೆ. ಅದೇ ಗಡಿಯಾರವು ತನ್ನ ಮನೆಯಲ್ಲಿಯೂ ಇದೆಯಲ್ಲ ಎಂಬ ಅಳುಕು ಹುಟ್ಟುತ್ತದೆ. ಹೀಗೆ ಒಂದು ಶಬ್ದವನ್ನು ಬಿಟ್ಟುದರಿಂದ, ಇನ್ನೊಂದು ಶಬ್ದವನ್ನು ಉಳಿಸಿದುದರಿಂದ, ಒಂದು ನೈತಿಕ ವಿಚಾರವು ನಡೆದುಹೋಯಿತು.

ಎರಡನೆಯ ಎಳೆಯು ಧಾರವಾಡದ್ದು. ಅದು ಇನ್ನೂ ವಿಚಿತ್ರವಾದುದು, ಏಕೆಂದರೆ ಅದು ಇಂಗ್ಲೆಂಡಿನ ಒಂದು ಚಿತ್ರಮಂದಿರದಲ್ಲಿ ಆರಂಭವಾಗುತ್ತದೆ. 1960ರ ದಶಕದ ನಡುವೆ ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದರು. ಅಲ್ಲಿ ತಮ್ಮ ಗುರುಗಳಾದ ಮ್ಯಾಲ್ಕಮ್ ಬ್ರ್ಯಾಡ್‌ಬರಿಯವರೊಡನೆ ಸ್ವೀಡನ್ ದೇಶದ ಇಂಗ್ಮಾರ್ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ಎಂಬ ಚಿತ್ರವನ್ನು ನೋಡಿದರು. 1957ರ ಆ ಚಿತ್ರದಲ್ಲಿ ಧರ್ಮಯುದ್ಧದಿಂದ ಹಿಂದಿರುಗಿದ ಯೋಧನೊಬ್ಬನು, ಪ್ಲೇಗು ಹಬ್ಬಿದ ತನ್ನ ನಾಡಿನಲ್ಲಿ, ಮೃತ್ಯುವಿನೊಡನೆ ಚದುರಂಗವಾಡುತ್ತಾ ದೇವರ ಮೌನವನ್ನು ಪ್ರಶ್ನಿಸುತ್ತಾನೆ. ಮಾತೆಲ್ಲ ಸ್ವೀಡಿಷ್ ಭಾಷೆಯಲ್ಲಿ. ಪರದೆಯ ಕೆಳಗೆ ಇಂಗ್ಲಿಷ್ ಅನುವಾದವೂ ಇರಲಿಲ್ಲವೆಂದು ಅನಂತಮೂರ್ತಿಯವರು ಅನಂತರ ಹಲವು ಸಲ ನೆನೆದಿದ್ದಾರೆ. ಆ ನೋಟವು ಮನಸ್ಸನ್ನು ಕಲಕಿ, ‘ಸಂಸ್ಕಾರ’ ಕಾದಂಬರಿಯು ಹುಟ್ಟುವುದಕ್ಕೆ ಪ್ರೇರಣೆಯಾಯಿತು. ಅದನ್ನು 1965ರಲ್ಲಿ ಪ್ರಕಟಿಸಿದುದು ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆ, ಜಿ. ಬಿ. ಜೋಶಿಯವರು ಕಟ್ಟಿ ಬೆಳೆಸಿದ, ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಕುಳಿತು ಚರ್ಚಿಸುತ್ತಿದ್ದ ‘ಅಟ್ಟ’ದ ಸಂಸ್ಥೆ.

ಈ ಪ್ರಸಂಗವನ್ನು ಸ್ವಲ್ಪ ತಡೆದು ಯೋಚಿಸೋಣ. ಮಾತು ತಿಳಿಯದ ಮನುಷ್ಯನಿಗೆ ಆ ಚಿತ್ರದಿಂದ ದಾಟಿ ಬಂದುದು ಯಾವುದು? ಯೋಧನು ಏನು ವಾದಿಸಿದನೆಂಬುದು ಬಂದಿರಲಾರದು. ಬಂದುದು ಮುಖಗಳು, ಬೆಳಕು, ನೆರಳು, ಮೌನದ ಅವಧಿ, ಸಾಲಾಗಿ ಸಾಗುವ ಪ್ರಾಯಶ್ಚಿತ್ತಾರ್ಥಿಗಳು. ರೀತಿ ಮಾತ್ರವೇ ಬಂದಿತು. ಆ ರೀತಿಯೊಳಗೆ, ಶ್ರದ್ಧೆಯುಳ್ಳ ಮನುಷ್ಯನಿಗೆ ಶಾಸ್ತ್ರವು ಉತ್ತರ ಕೊಡದೆ ಹೋದಾಗ ಅವನು ಏನು ಮಾಡಬೇಕು ಎಂಬ ಪ್ರಶ್ನೆಯು ಅಖಂಡವಾಗಿ ಬಂದಿತು. ಚಲಚ್ಚಿತ್ರದ ರೀತಿಯು ನೀತಿಯ ಪ್ರಶ್ನೆಯನ್ನು ಹೊರಬಲ್ಲದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯವನ್ನು ನಾವು ಕಾಣೆವು.

ಆ ಪ್ರಶ್ನೆಯು ಪುನಃ ಚಲಚ್ಚಿತ್ರಕ್ಕೆ ಹಿಂದಿರುಗಿದುದು 1970ರಲ್ಲಿ. ಪಟ್ಟಾಭಿರಾಮ ರೆಡ್ಡಿಯವರು ‘ಸಂಸ್ಕಾರ’ವನ್ನು ನಿರ್ದೇಶಿಸಿದರು. ಧಾರವಾಡದಲ್ಲಿ ಬೆಳೆದು ಕರ್ನಾಟಕ ಕಾಲೇಜಿನಲ್ಲಿ ಗಣಿತವನ್ನು ಓದಿದ ಗಿರೀಶ ಕಾರ್ನಾಡರು ಚಿತ್ರಕಥೆಯನ್ನು ಬರೆದು, ತಾವೇ ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದರು. ಚಂದ್ರಿಯಾಗಿ ಸ್ನೇಹಲತಾ ರೆಡ್ಡಿಯವರೂ ನಾರಣಪ್ಪನಾಗಿ ಪಿ. ಲಂಕೇಶರೂ ಬಂದರು. ಛಾಯಾಗ್ರಹಣವು ಆಸ್ಟ್ರೇಲಿಯದ ಟಾಮ್ ಕೋವನ್ನರದು, ಸಂಗೀತವು ರಾಜೀವ ತಾರಾನಾಥರದು.

ಕಥೆ ಎಲ್ಲರಿಗೂ ಗೊತ್ತು. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಭ್ರಷ್ಟನಾದ ನಾರಣಪ್ಪನು ಪ್ಲೇಗಿನಿಂದ ಸತ್ತಿದ್ದಾನೆ. ಹೆಣವು ಸುಡುವವರಿಲ್ಲದೆ ಮನೆಯೊಳಗೆ ಬಿದ್ದಿದೆ. ಅದು ಸುಡುವ ತನಕ ಯಾರೂ ಊಟ ಮಾಡುವಂತಿಲ್ಲ. ಅವನಿಗೆ ಸಂಸ್ಕಾರವನ್ನು ಮಾಡಬಹುದೆ, ಮಾಡುವವರು ಯಾರು? ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ. ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುತ್ತಾರೆ. ಗ್ರಂಥವೂ ಹೇಳುವುದಿಲ್ಲ, ದೇವರೂ ಹೇಳುವುದಿಲ್ಲ.

ಕಾದಂಬರಿಕಾರನಿಗೆ ಆಚಾರ್ಯರ ಮನಸ್ಸಿನೊಳಗೆ ಇಳಿದು ಪುಟಗಟ್ಟಲೆ ಬರೆಯುವ ಸ್ವಾತಂತ್ರ್ಯವುಂಟು. ಚಲಚ್ಚಿತ್ರಕ್ಕೆ ಅದಿಲ್ಲ, ಅದು ಹೊರಗಿನಿಂದಲೇ ನೋಡಬೇಕು. ಈ ಕೊರತೆಯನ್ನೇ ಚಿತ್ರವು ಒಂದು ಬಲವನ್ನಾಗಿ ಮಾಡಿಕೊಂಡಿದೆ. ಬಣ್ಣವಿಲ್ಲದ ಕಪ್ಪು ಬಿಳುಪು. ಬಣ್ಣ ಬಳಿದ ಕೃತಕ ಮನೆಗಳಿಗೆ ಬದಲು ಶೃಂಗೇರಿಯ ಸೀಮೆಯ ನಿಜವಾದ ಹಳ್ಳಿಯ ಮನೆಗಳು. ಚಿತ್ರರಂಗದ ತಾರೆಗಳಿಗೆ ಬದಲು ಬಹುಮಟ್ಟಿಗೆ ಹೊಸ ಮುಖಗಳು. ಸತ್ತು ಬೀಳುವ ಇಲಿಗಳನ್ನೂ ಮಾಡಿನ ಮೇಲೆ ಬಂದು ಕೂರುವ ಹದ್ದುಗಳನ್ನೂ ನಾವು ಕಾಣುತ್ತೇವೆ. ಮೇಲೆ ಶಾಸ್ತ್ರದ ಚರ್ಚೆ ನಡೆಯುತ್ತಿರುವಾಗ ಕೆಳಗೆ ಕೊಳೆಯುವ ದೇಹವೊಂದು ತನ್ನ ಪಾಡಿಗೆ ಕೊಳೆಯುತ್ತಲೇ ಇದೆ. ಧರ್ಮವು ತಡಮಾಡಬಹುದು, ಹೆಣವು ತಡಮಾಡುವುದಿಲ್ಲ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಚಂದ್ರಿಯು ತನ್ನ ಮೈಮೇಲಿನ ಆಭರಣಗಳನ್ನು ಬಿಚ್ಚಿ, ಸಂಸ್ಕಾರದ ವೆಚ್ಚಕ್ಕೆಂದು ಆಚಾರ್ಯರ ಮುಂದೆ ಇಡುತ್ತಾಳೆ. ಒಡನೆಯೇ ಅದುವರೆಗೆ ಹಿಂಜರಿಯುತ್ತಿದ್ದವರ ಕಣ್ಣುಗಳು ಬಂಗಾರದ ಮೇಲೆ ನಿಲ್ಲುತ್ತವೆ. ಉಪದೇಶಕನು ಲೋಭದ ಮೇಲೆ ಒಂದು ಗಂಟೆ ಮಾತನಾಡಬಹುದಾದ ಸ್ಥಳವಿದು. ಚಲಚ್ಚಿತ್ರಕ್ಕೆ ಕೆಲವು ಮುಖಗಳೇ ಸಾಕು. ಕೊನೆಗೆ ಹೆಣವನ್ನು ಸುಡಿಸುವ ಕೆಲಸವು ಆದುದು ಪಂಡಿತರಿಂದಲ್ಲ. ಮಾತು ಕಡಿಮೆಯಾದ ಚಂದ್ರಿಯಿಂದ, ರಾತ್ರಿಯಲ್ಲಿ, ಯಾವ ಚರ್ಚೆಯೂ ಇಲ್ಲದೆ. ಚಿತ್ರವು ಆಚಾರ್ಯರಿಗೆ ಮಾತನ್ನು ಕೊಟ್ಟಿದೆ, ಚಂದ್ರಿಗೆ ಕೃತಿಯನ್ನು ಕೊಟ್ಟಿದೆ. ಈ ಹಂಚಿಕೆಯೇ ಅದರ ತತ್ತ್ವಶಾಸ್ತ್ರ.

ಇಂಥ ರೀತಿಗೆ ಬೆಲೆ ತೆರಬೇಕಾಗುತ್ತದೆ. ಸೆನ್ಸಾರ್ ಮಂಡಳಿಯು ಮೊದಲು ಈ ಚಿತ್ರದ ಪ್ರದರ್ಶನಕ್ಕೆ ಅನುಮತಿಯನ್ನು ನಿರಾಕರಿಸಿತು. ಅನಂತರ ಕೇಂದ್ರ ಸರಕಾರದ ಮಟ್ಟದಲ್ಲಿ ಆ ತಡೆ ತೆರವಾಯಿತು. ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು. ಕನ್ನಡಕ್ಕೆ ಆ ಗೌರವವು ಬಂದುದು ಅದೇ ಮೊದಲು. ಚಂದ್ರಿಯಾಗಿ ಕಾಣಿಸಿಕೊಂಡ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬೆಂಗಳೂರಿನ ಸೆರೆಮನೆಯಲ್ಲಿ ಬಂಧನದಲ್ಲಿದ್ದು ಜರ್ಜರಿತರಾದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಪರದೆಯ ಮೇಲಿನ ಧೈರ್ಯವೂ ಬಾಳಿನ ಧೈರ್ಯವೂ ಯಾವಾಗಲೂ ಒಂದೇ ಮನೆಯಲ್ಲಿ ಇರುವುದಿಲ್ಲ. ಇದ್ದಾಗ ಅದನ್ನು ನೆನೆಯುವುದು ನಮ್ಮ ಕರ್ತವ್ಯ.

ಇನ್ನು ಮೂರನೆಯ ಉದಾಹರಣೆ. ಕಾರ್ನಾಡರು 1973ರಲ್ಲಿ ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಕಾದಂಬರಿಯನ್ನು ಚಿತ್ರವನ್ನಾಗಿ ಮಾಡಿದಾಗ, ಹಿರಿಯರ ಹಗೆ ಕೇಡುಗಳನ್ನೆಲ್ಲ ಕಿಟ್ಟಿಯೆಂಬ ಹುಡುಗನ ಕಣ್ಣಿನಿಂದ ತೋರಿಸಿದರು. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅನಂತಮೂರ್ತಿಯವರ ಕಥೆಯಿಂದ ‘ಘಟಶ್ರಾದ್ಧ’ವನ್ನು ತೆಗೆದಾಗ, ಅಲ್ಲಿಯೂ ನೋಡುವವನು ಹುಡುಗನೇ. ನಾಣಿಯೆಂಬ ಬಾಲಕನು ವೇದಪಾಠಕ್ಕೆಂದು ಉಡುಪರ ಮನೆಗೆ ಬರುತ್ತಾನೆ. ಉಡುಪರ ಮಗಳು, ಬಾಲವಿಧವೆ ಯಮುನೆಯು, ಅವನನ್ನು ತಮ್ಮನಂತೆ ಅಕ್ಕರೆಯಿಂದ ಕಾಣುತ್ತಾಳೆ. ಅವಳು ಗರ್ಭಿಣಿಯಾದ ವಿಷಯವು ಹೊರಬಿದ್ದಾಗ ಅಗ್ರಹಾರವು ಅವಳನ್ನು ಹೊರಗೆ ಹಾಕುತ್ತದೆ. ಬದುಕಿರುವವಳಿಗೆ, ಸತ್ತಳೆಂದು ಎಣಿಸಿ, ಶ್ರಾದ್ಧವು ನಡೆಯುತ್ತದೆ. ತಂದೆಯೊಡನೆ ಊರಿಗೆ ಹೊರಟ ನಾಣಿಯು, ತಲೆ ಬೋಳಿಸಲ್ಪಟ್ಟು ಮರದ ಕೆಳಗೆ ಒಂಟಿಯಾಗಿ ಕುಳಿತ ಯಮುನೆಯನ್ನು ಕೊನೆಯ ಸಲ ನೋಡುತ್ತಾನೆ.

ಎಸ್. ರಾಮಚಂದ್ರರ ಛಾಯಾಗ್ರಹಣದಲ್ಲಿ ಈ ಚಿತ್ರವು ಎಲ್ಲಿಯೂ ಆತುರಪಡುವುದಿಲ್ಲ. ಹುಡುಗನಿಗೆ ಅರ್ಥವಾಗದುದನ್ನು ನಮಗೆ ಬೇರೆಯಾಗಿ ಬಿಡಿಸಿ ಹೇಳುವುದಕ್ಕೂ ಅದು ಹೊರಡುವುದಿಲ್ಲ.

ಈ ಚಿತ್ರವನ್ನು ನಾವು ಮನೆಮಂದಿಯೆಲ್ಲ ಕೂಡಿ ನೋಡಿದ ದಿನ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಚಿತ್ರ ಮುಗಿದ ಮೇಲೆ ನಾವು ತರುಣರು ಸಂಪ್ರದಾಯದ ಕ್ರೌರ್ಯವನ್ನು ಕುರಿತು ಆವೇಶದಿಂದ ಮಾತನಾಡತೊಡಗಿದೆವು. ಉಡುಪರು ಹೀಗೆ, ಶಾಸ್ತ್ರಿಗಳು ಹಾಗೆ, ಆ ಕಾಲವೇ ಹಾಗೆ ಎಂದು ತೀರ್ಪು ಕೊಡುತ್ತಲಿದ್ದೆವು. ಮೂಲೆಯಲ್ಲಿ ಕುಳಿತಿದ್ದ ನಮ್ಮ ಅಜ್ಜಿಯು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಹೀಗೆಂದರು: “ಅಲ್ಲೋ, ಆ ಹುಡುಗ ಬರೇ ನೋಡಿಕೋತ ನಿಂತ. ನಾವೂ ಹಿಂಗ ನಿಂತವರ. ನಮ್ಮ ಓಣ್ಯಾಗ ಒಬ್ಬಾಕಿನ್ನ ಹೊರಗ ಹಾಕಿದಾಗ ಕಿಡಕ್ಯಾಗಿಂದ ನೋಡಿದ್ವಿ. ಒಂದ ಮಾತು ಆಡಲಿಲ್ಲ.”

ನಮ್ಮ ಆವೇಶವೆಲ್ಲ ಅಲ್ಲಿಗೇ ಇಳಿಯಿತು. ನಾವು ಕಥೆಯನ್ನು ನೋಡಿದ್ದೆವು. ಅಜ್ಜಿಯು ರೀತಿಯನ್ನು ನೋಡಿದ್ದರು. ಚಿತ್ರವು ನಮ್ಮನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿರಲಿಲ್ಲ, ನಾಣಿಯ ಸ್ಥಳದಲ್ಲಿ ನಿಲ್ಲಿಸಿತ್ತು. ನೋಡುತ್ತಿರುವವನು, ಪ್ರೀತಿಸುತ್ತಿರುವವನು, ಆದರೂ ಏನನ್ನೂ ಮಾಡದೆ ತಂದೆಯ ಕೈಹಿಡಿದು ಹೊರಟುಹೋಗುವವನು ಅವನು. ಹುಡುಗನಿಗೆ ಬಾಲ್ಯದ ಕ್ಷಮೆಯುಂಟು. ಕಿಟಕಿಯಲ್ಲಿ ನಿಂತ ದೊಡ್ಡವರಿಗೆ ಯಾವ ಕ್ಷಮೆಯುಂಟು? ಈ ಪ್ರಶ್ನೆಯನ್ನು ಚಿತ್ರದಲ್ಲಿ ಯಾರೂ ಕೇಳುವುದಿಲ್ಲ. ಯಂತ್ರವನ್ನು ಇಟ್ಟ ಸ್ಥಳವೇ ಅದನ್ನು ಕೇಳುತ್ತದೆ. ಧ್ವನಿಯೆಂದು ಆನಂದವರ್ಧನನು ಕರೆದುದು ಇಂಥದನ್ನೇ ಇರಬೇಕು: ಹೇಳದೆಯೇ ತಿಳಿಯುವುದು, ತಿಳಿದ ಮೇಲೆ ಮರೆಯಲಾಗದುದು. ಸುಮಾರು ಅರ್ಧ ಶತಮಾನದ ಅನಂತರ ಈ ಚಿತ್ರವನ್ನು ಜೀರ್ಣೋದ್ಧಾರ ಮಾಡಿ, 2024ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದರು. ಅಗ್ರಹಾರವೆಂದರೇನೆಂದು ಅರಿಯದ ದೇಶದಲ್ಲಿಯೂ ಕಿಟಕಿಯಲ್ಲಿ ನಿಂತು ನೋಡಿದವರು ಇದ್ದೇ ಇರುತ್ತಾರಷ್ಟೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಾವು ಏಕಪಕ್ಷೀಯರಾಗುತ್ತೇವೆ. ರೀತಿಯು ನೀತಿಯನ್ನು ಹೊರಬಲ್ಲದಾದರೆ ಅನೀತಿಯನ್ನೂ ಹೊರಬಲ್ಲದು. ಬಡವನ ಹರಕು ಬಟ್ಟೆಯನ್ನು ಸೊಗಸಾದ ಬೆಳಕಿನಲ್ಲಿ ತೋರಿಸಿ, ಅವನ ಕಷ್ಟವನ್ನು ನಮ್ಮ ಕಣ್ಣಿನ ಹಬ್ಬವನ್ನಾಗಿ ಮಾಡುವ ಚಿತ್ರಗಳುಂಟು. ಹೆಂಗಸಿನ ಅವಮಾನವನ್ನು ಖಂಡಿಸುವ ನೆಪದಲ್ಲಿ ಆ ಅವಮಾನವನ್ನೇ ನಿಧಾನವಾಗಿ ಸವಿಯುವ ಚಿತ್ರಗಳುಂಟು. ಬಾಯಿ ನೀತಿಯನ್ನು ಹೇಳುತ್ತಿರುತ್ತದೆ, ಕಣ್ಣು ಬೇರೇನನ್ನೋ ಮಾಡುತ್ತಿರುತ್ತದೆ.

ನಾವು ಮೆಚ್ಚಿದ ಕೃತಿಗಳಿಗೂ ಈ ಪರೀಕ್ಷೆಯಿಂದ ವಿನಾಯಿತಿಯಿಲ್ಲ. ‘ಸಂಸ್ಕಾರ’ದ ಕಥೆಯಲ್ಲಿ ಅಗ್ರಹಾರದ ಆಚೆಗೆ ಹೊಲೆಯರೆಂದು ದೂರವಿಡಲ್ಪಟ್ಟವರ ಗುಡಿಸಲುಗಳಿವೆ. ಅವರೂ ಅದೇ ಪ್ಲೇಗಿನಿಂದ ಸಾಯುತ್ತಾರೆ. ಹೆಣದೊಡನೆ ಗುಡಿಸಲನ್ನೇ ಸುಡುತ್ತಾರೆ. ನಾರಣಪ್ಪನ ಒಂದು ಹೆಣಕ್ಕೆ ಅಷ್ಟು ಶಾಸ್ತ್ರ, ಆ ಗುಡಿಸಲುಗಳ ಹೆಣಗಳಿಗೆ ಎಷ್ಟು? ಬೆಳ್ಳಿಯೆಂಬ ಹೆಂಗಸನ್ನು ಕಥೆಯು ಮುಖ್ಯವಾಗಿ ಇತರರ ಆಸೆಯ ಕಣ್ಣಿನಿಂದಲೇ ನೋಡುತ್ತದಲ್ಲವೆ? ಮೇಲ್ಜಾತಿಯವರ ಮನಸ್ಸಾಕ್ಷಿಯ ತೊಳಲಾಟವನ್ನು ಇಷ್ಟು ಹತ್ತಿರದಿಂದ ನೋಡಿದ ಕಲೆಯು, ಬೊಗಸೆಯೊಡ್ಡಿ ನಿಂತವನನ್ನು ದೂರದಿಂದಲೇ ನೋಡಿತಲ್ಲ ಎಂಬ ಆಕ್ಷೇಪವನ್ನು ನಾವು ತಳ್ಳಿಹಾಕಲಾರೆವು. ಆದರೆ ಒಂದು ಮಾತು. ಈ ಆಕ್ಷೇಪವನ್ನು ಎತ್ತುವುದಕ್ಕೆ ಬೇಕಾದ ಕಣ್ಣನ್ನು ನಮಗೆ ಕೊಟ್ಟುದು ಇಂಥ ಕೃತಿಗಳೇ. ನೋಟಕ್ಕೂ ಒಂದು ಎತ್ತರವುಂಟೆಂದು ಕಲಿಸಿದ ಗುರುವನ್ನು ಅದೇ ಅಳತೆಗೋಲಿನಿಂದ ಅಳೆಯುವುದು ಗುರುದ್ರೋಹವಲ್ಲ.

ಇನ್ನು ಉಪಸಂಹಾರ. ಶ್ರೋತೃಗಳು ಮುಂದಿನ ಸಲ ಒಂದು ಚಿತ್ರವನ್ನು ನೋಡಿ ಹೊರಗೆ ಬಂದಾಗ, ಕಥೆಯ ನೀತಿಯೇನು ಎಂದು ಕೇಳಿಕೊಳ್ಳುವುದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಮ್ಮ ವಿನಂತಿ. ಈ ಚಿತ್ರವು ತನ್ನಲ್ಲಿರುವ ಅತ್ಯಂತ ದುರ್ಬಲನಾದ ಮನುಷ್ಯನನ್ನು ಯಾವ ಎತ್ತರದಿಂದ ನೋಡಿತು? ನಮ್ಮನ್ನು ಎಲ್ಲಿ ನಿಲ್ಲಿಸಿ ನೋಡಿಸಿತು? ಉತ್ತರವು ಕಷ್ಟವಲ್ಲ, ಅಕ್ಷರ ಬಾರದ ಅಜ್ಜಿಯೊಬ್ಬರು ಅದನ್ನು ಒಂದೇ ನೋಟದಲ್ಲಿ ಕಂಡಿದ್ದರು.

ಚಿತ್ರಮಂದಿರದಿಂದ ಮನೆಗೆ ಬಂದ ಮೇಲೆಯೂ ನಮ್ಮ ಓಣಿಗೆ ಒಂದು ಕಿಟಕಿ ಇದ್ದೇ ಇದೆ. ಅಲ್ಲಿ ನಿಂತು ನೋಡುವುದನ್ನು ಚಲಚ್ಚಿತ್ರವು ಕಲಿಸಬಹುದು. ಬಾಗಿಲನ್ನು ತೆರೆದು ಹೊರಗೆ ಬರುವುದನ್ನು ನಾವೇ ಕಲಿಯಬೇಕು.